ಕುರಿ ಬರೋತನಕ

ಅನಗವಾಡಿಯ ಶಾಲೆಯ ಬಾಗಿಲಲ್ಲಿ ಆ ವರ್ಷ ದಿನಾ ಒಬ್ಬ ಹೆಂಗಸು ಕೂತಿರುತ್ತಿದ್ದಳು. ನಲವತ್ತರ ಆಚೀಚೆ ವಯಸ್ಸು, ಬರಿ ಹಣೆ, ಬರಿಗೈ. ಪಕ್ಕದಲ್ಲಿ ಒಂದು ಬುಟ್ಟಿ ಕರಿ ಉಣ್ಣೆ, ಬೆರಳ ತುದಿಯಲ್ಲಿ ನೂಲು ತೆಗೆಯುವ ಕದಿರು. ಒಳಗೆ ಮಕ್ಕಳು ಮಗ್ಗಿ ಒದರುತ್ತಿದ್ದರೆ ಹೊರಗೆ ಅವಳ ಕದಿರು ತಿರುಗುತ್ತಿತ್ತು. ಸಾತವ್ವ ಅಂತ ಹೆಸರು. ಬೀರೇಶ್ವರನ ಗುಡಿಯ ಹಿಂದಿನ ಓಣಿಯ ರೇವಪ್ಪನ ಹಿರಿಮಗಳು. ಗಂಡ ತೀರಿದ ಮೇಲೆ ತವರಿಗೆ ಬಂದವಳು ಅಲ್ಲೇ ಉಳಿದಿದ್ದಳು. ಶಾಲೆಯಲ್ಲಿ ಅವಳಿಗೇನೂ ಕೆಲಸವಿರಲಿಲ್ಲ. ತಮ್ಮನ ಮಗಳು ಮುತ್ತವ್ವ, ಏಳು ವರ್ಷದ ಹುಡುಗಿ, ಅತ್ತೆ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಒಳಗೆ ಕೂಡುತ್ತಿತ್ತು. ಕಾಣದಿದ್ದರೆ ಬರೆಯುವ ಪಾಟಿ ಎತ್ತಿಕೊಂಡು ಎದ್ದು ಬಂದುಬಿಡುತ್ತಿತ್ತು.

"ಸಾತವ್ವಾ, ನಿನ್ನ ಹೆಸರೂ ಹಾಜರಿ ಪುಸ್ತಕದಾಗ ಬರೀಲೇನು?" ಅಂತ ಶಿವಯೋಗೆಪ್ಪ ಮಾಸ್ತರರು ನಗುತ್ತಿದ್ದರು.

"ಬರೀರಿ ಮಾಸ್ತರರ. ಮುಂಬೈ ಸರಕಾರ ನನಗೂ ಒಂದ್ ಪಾಟಿ ಕೊಡ್ತೈತೇನು?"

"ಪಾಟಿ ಕೊಟ್ರ ಮಗ್ಗಿ ಒಪ್ಪಿಸಬೇಕಾಕ್ಕೈತಿ."

"ಎರಡರ ಮಗ್ಗಿ ಬಂದೈತ್ರಿ ಆಗಲೇ. ಮೂರರದು ಈ ಹುಡುಗೂರು ಸರಿಯಾಗಿ ಹೇಳಂಗಿಲ್ಲ, ನನಗ ಹೆಂಗ ಬರಬೇಕು?"

ಮಕ್ಕಳೆಲ್ಲ ನಗುತ್ತಿದ್ದರು. ಮುತ್ತವ್ವ ನಗುತ್ತಿರಲಿಲ್ಲ. ಅತ್ತೆ ಎಲ್ಲಿಗೂ ಎದ್ದು ಹೋಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಮತ್ತೆ ಪಾಟಿಯ ಮೇಲೆ ಬಗ್ಗುತ್ತಿದ್ದಳು.

ಕುರಿ ಸಾಕುವ ಮನೆತನ ಅವರದು. ದೀಪಾವಳಿ ಪಾಡ್ಯ ಆಯಿತೆಂದರೆ ಹಿಂಡು ಹೊರಡುತ್ತದೆ. ಹೊಳೆ ದಾಟಿ, ಬಾಗಲಕೋಟೆ ದಾಟಿ, ನರಗುಂದದ ಎರೆ ಹೊಲಗಳ ಕಡೆ. ಅಲ್ಲಿ ಹೊಲ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ ಹಿಕ್ಕೆಯ ಗೊಬ್ಬರ ಕೊಟ್ಟು, ಕಾಳು ಪಡೆದು, ಮುಂಗಾರಿನ ಹೊತ್ತಿಗೆ ಊರಿಗೆ ತಿರುಗುತ್ತದೆ. ಗಂಡಸರ ಜೊತೆ ಒಬ್ಬಿಬ್ಬರು ಹೆಂಗಸರೂ ಹೋಗುತ್ತಾರೆ, ಕೂಸು ಕುನ್ನಿ ಎಲ್ಲ ಕತ್ತೆಯ ಮೇಲೆ. ಆ ವರ್ಷ ಸಾತವ್ವನ ತಮ್ಮ ಅಮಸಿದ್ದಪ್ಪ, ಅವನ ಹೆಂಡತಿ ಮಾಯವ್ವ ಹೋದರು. ಮುತ್ತವ್ವನೂ ಹೋಗಬೇಕಾದವಳೇ. ಆದರೆ ಹೊರಡುವ ನಾಲ್ಕು ದಿನ ಮೊದಲು ಮೈಯೆಲ್ಲ ದಡಾರ ಎದ್ದು ಮಲಗಿಬಿಟ್ಟಳು. ಮಾಯವ್ವ ಮಗಳ ಹಣೆಗೆ ಬೀರೇಶ್ವರನ ಭಂಡಾರದ ಅರಿಸಿನ ಹಚ್ಚಿ, "ಕುರಿ ಬರೋತನಕ ಅತ್ತಿ ಹತ್ರ ಇರು ನನ್ನವ್ವಾ, ಬರೂದ್ರಾಗ ಬಂದೇ ಬಿಡ್ತೀನಿ" ಅಂದು, ಹಿಂದೆ ತಿರುಗಿ ನೋಡುತ್ತ ನೋಡುತ್ತ ಹಿಂಡಿನ ಧೂಳಿನಲ್ಲಿ ಮರೆಯಾಗಿದ್ದಳು.

ಸಂಕ್ರಮಣ ಕಳೆದು ಎಂಟು ದಿನಕ್ಕೆ ಮಾಯವ್ವನಿಗೆ ಚಳಿಜ್ವರ ಬಂತು. ಮೂರೇ ದಿನ. ಯಾರದೋ ಜೋಳದ ಹೊಲದ ಬದುವಿನಲ್ಲಿ ಮಣ್ಣು ಮಾಡಿ, ನಾಲ್ಕು ಕಲ್ಲು ಇಟ್ಟು, ಹಿಂಡು ಮುಂದೆ ಹೋಯಿತು. ಕುರಿ ಒಂದೇ ಕಡೆ ನಿಲ್ಲಲಿಕ್ಕೆ ಆಗುವುದಿಲ್ಲ, ಯಾರು ಸತ್ತರೂ ಅವಕ್ಕೆ ಮೇವು ಬೇಕು.

ಸುದ್ದಿ ತಂದವನು ಪಕ್ಕದ ಮನೆಯ ಲಗಮಪ್ಪ. ತಿಂಗಳಿಗೊಮ್ಮೆ ಚಕ್ಕಡಿ ಹೂಡಿ ಹಿಂಡಿನವರಿಗೆ ಉಪ್ಪು, ಖಾರ, ಹಿಟ್ಟು ಮುಟ್ಟಿಸಿ ಬರುವವನು ಅವನೇ. ಮುತ್ತವ್ವ ಹೊಳೆಯ ಕಡೆ ಹೋದಾಗ ಹಿತ್ತಲಲ್ಲಿ ನಿಂತು ಹೇಳಿದ. ಸಾತವ್ವನ ಬಾಯಿಂದ ದನಿ ಹೊರಡುವ ಮೊದಲೇ ಮುದುಕ ರೇವಪ್ಪ ಕೈಯೆತ್ತಿದ.

"ಸಾತೀ, ಉಸುರು ಬಿಡಬ್ಯಾಡ. ಕುರಿ ಹಾದ್ಯಾಗದಾವು."

ಅದು ಆ ಮನೆಯಲ್ಲಿ ಹಿಂದಿನಿಂದ ನಡೆದು ಬಂದದ್ದು. ಹಿಂಡಿನ ಜೊತೆ ಹೋದವರು ಹೊರಗೆ ಸತ್ತರೆ, ಹಿಂಡು ಊರಿಗೆ ಬರುವತನಕ ಮನೆಯಲ್ಲಿ ಅವರ ಹೆಸರು ಹಿಡಿದು ಅಳುವ ಹಾಗಿಲ್ಲ. ಅತ್ತರೆ ಆ ಅಳು ಹಾದಿ ಹುಡುಕಿಕೊಂಡು ಹೋಗಿ ಕುರಿಗಳ ಬೆನ್ನು ಹತ್ತುತ್ತದೆ ಅನ್ನುವ ಅಂಜಿಕೆ. ಹಿಂಡು ಬಂದ ಮೇಲೆ ಸತ್ತವರ ಕಂಬಳಿಯನ್ನು ಗುಡಿಯ ಮುಂದೆ ಹಾಸಿ, ಭಂಡಾರ ಚೆಲ್ಲಿದ ಮೇಲೆ ಹೆಂಗಸರು ತಲೆಗೂದಲು ಬಿಚ್ಚಿ ಕೂಡಬೇಕು. ಅಲ್ಲಿಯತನಕ ಸತ್ತವರು ಸತ್ತಿಲ್ಲ.

ಸಾತವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹತ್ತು ವರ್ಷ ಒಂದೇ ಒಲೆಯ ಮುಂದೆ ಕೂತವರು ಅವಳೂ ಮಾಯವ್ವನೂ. ಗಂಡನಿಲ್ಲದವಳು ಅಂತ ಒಂದು ದಿನವೂ ಆಕೆ ಇವಳನ್ನು ಬದಿಗೆ ಸರಿಸಿದವಳಲ್ಲ. ಅಂಥವಳಿಗೆ ಒಂದು ಹನಿ ಕಣ್ಣೀರಿಲ್ಲ. ಹೊರಗಿನಿಂದ ಮುತ್ತವ್ವ ಬಂತು.

"ಲಗಮಣ್ಣ ಬಂದಾನಂತ! ಅವ್ವ ಏನ್ ಹೇಳಿ ಕಳಿಸ್ಯಾಳ?"

ಹುಡುಗಿಗೆ ಸುಳ್ಳು ಹೇಳಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಅವ್ವ ಹಿಂಡಿನ ಜೊತೆ ಹೋದದ್ದು ಹುಡುಗಿಗೆ ಗೊತ್ತೇ ಇತ್ತು. ಆದರೆ ಆ ಮುಖ ನೋಡಿ ಸಾತವ್ವನಿಗೆ ಸುಮ್ಮನಿರಲಾಗಲಿಲ್ಲ. "ತಲಿಗೆ ಎಣ್ಣಿ ಹಚ್ಚಿಗೋ ಅಂತ ಹೇಳ್ಯಾಳವಾ" ಅಂದಳು.

ಅವತ್ತು ಹುಡುಗಿ ಗಲಾಟೆ ಮಾಡದೆ ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಸಾತವ್ವನಿಗೆ ಒಂದು ದಾರಿ ಸಿಕ್ಕಂತಾಯಿತು. ಉಣ್ಣದೆ ಹಟ ಮಾಡಿದರೆ ಅವ್ವ ಹೇಳಿ ಕಳಿಸುತ್ತಿದ್ದಳು. ಕಾಲಿಗೆ ಮುಳ್ಳು ಚುಚ್ಚಿ ಅತ್ತರೆ ಅವ್ವ ಹೇಳಿ ಕಳಿಸುತ್ತಿದ್ದಳು. ಶಾಲೆಗೆ ಹೋಗು ಅಂತ ಹೇಳಿ ಕಳಿಸಿದ್ದೂ ಅವ್ವನೇ. ಹೀಗೆ ಮಣ್ಣಲ್ಲಿ ಮಲಗಿದವಳ ಬಾಯಿಂದ ಸಾತವ್ವ ಮಾತಾಡಿಸಿದಳು. ಹುಡುಗಿಯೂ ಮರಳಿ ಮಾತು ಕಳಿಸತೊಡಗಿತು. ಒಂದು ಸಲ ತಾನೇ ಹೊಸೆದ ಕರಿ ಉಣ್ಣೆಯ ದಾರಕ್ಕೆ ಒಂದು ಕವಡೆ ಕಟ್ಟಿ, ಅವ್ವನ ಕೊರಳಿಗೆ ಹಾಕು ಅಂತ ಲಗಮಪ್ಪನ ಕೈಗೆ ಕೊಟ್ಟಿತು. ಹನ್ನೆರಡು ದಿನಕ್ಕೆ ಅವನು ತಿರುಗಿ ಬಂದು, ಗೋಡೆಯ ಮರೆಯಲ್ಲಿ ಆ ದಾರವನ್ನು ಸಾತವ್ವನ ಅಂಗೈಗೆ ಹಾಕಿದ.

"ಕಲ್ಲಿನ ಮ್ಯಾಲ ಇಟ್ಟ ಬರಬೇಕಂದ್ರ ಆ ಹೊಲ ಹಿಂದ ಉಳದೈತಿ ಸಾತಕ್ಕಾ. ಹಿಂಡು ಎಲ್ಲೆಲ್ಲೋ ಹೋಗೇತಿ. ಇನ್ನೊಮ್ಮಿ ನನ್ನ ಕೈಯಾಗ ಏನೂ ಕೊಡಸಬ್ಯಾಡ ತಾಯಿ, ಅದನ್ನ ಹೊತ್ತು ಚಕ್ಕಡಿ ಹೊಡಿಯೂದು ನನ್ನಿಂದ ಆಗೂದಿಲ್ಲ."

ಶಿವರಾತ್ರಿ ಆದ ಮೇಲಿನ ಮಾತು. ಶಿವಯೋಗೆಪ್ಪ ಮಾಸ್ತರರು ಜಮಖಂಡಿಯವರು. ಊರಿಗೆ ಹೋದಾಗೆಲ್ಲ ಮಕ್ಕಳ ಚಿತ್ರದ ಪುಸ್ತಕ ಒಂದೋ ಎರಡೋ ತಂದು ಒಂದು ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದರು. ಶನಿವಾರ ಮಗ್ಗಿಯಿಲ್ಲ, ಕಾಗುಣಿತವಿಲ್ಲ. ಒಂದು ಪುಸ್ತಕ ಓದುವುದು, ಚಿತ್ರ ತೋರಿಸುವುದು, ಆಮೇಲೆ ಮಕ್ಕಳು ಮಾತಾಡುವುದು. ಇನ್‌ಸ್ಪೆಕ್ಟರ್ ಸಾಹೇಬರು ನೋಡಿದರೆ ಏನನ್ನುತ್ತಿದ್ದರೋ.

ಆ ಶನಿವಾರದ ಕತೆ ಒಂದು ಕಪ್ಪೆಮರಿಯದು. ಕೆರೆಯ ದಂಡೆಯಲ್ಲಿ ಒಂದು ಮುದಿ ಆಮೆ. ಮಳೆ ಯಾವಾಗ ಬರುತ್ತದೆ ಅಂತ ಕಪ್ಪೆಗೆ ಹೇಳಿಕೊಡುವುದು ಅದೇ. ಒಂದು ದಿನ ಆಮೆ ಚಿಪ್ಪಿನಿಂದ ಹೊರಗೆ ಬರಲಿಲ್ಲ. ಕಪ್ಪೆಮರಿ ಹುಳ ತಂದಿಟ್ಟಿತು, ಪಾಚಿ ತಂದಿಟ್ಟಿತು, ಬಾ ಅಂತ ಕೂಗಿತು. ಕೊನೆಗೆ ಏಡಿ ಬಂದು, ಅದು ಸತ್ತುಹೋಗಿದೆ ಕಣಪ್ಪ ಅಂತ ಮೆಲ್ಲಗೆ ಹೇಳಿತು. ಕೆರೆಯವರೆಲ್ಲ ಆಮೆಯ ಸುತ್ತ ಕೂತು, ತಮಗೆ ಅದು ಏನೇನು ಹೇಳಿಕೊಟ್ಟಿತ್ತು ಅಂತ ಒಬ್ಬೊಬ್ಬರಾಗಿ ಹೇಳಿದರು. ಕತೆ ಅಷ್ಟೇ.

ಮಾಸ್ತರರು ಪುಸ್ತಕ ಮಡಚಿ, "ನಿಮ್ಮ ಮನ್ಯಾಗ ಯಾರನ್ನರ ಹಿಂಗ ಕಾದೀರೇನು?" ಅಂದರು. ಗಿರಮಲ್ಲಪ್ಪನ ಮಗಳು ಮಾದೇವಿ ಎದ್ದು, ತಮ್ಮ ಬಿಳಿ ಎತ್ತು ಸತ್ತಾಗ ಅಪ್ಪ ಹಿತ್ತಲಲ್ಲಿ ಹೋಗಿ ಅತ್ತದ್ದನ್ನು ಹೇಳಿದಳು. ಇನ್ನೊಬ್ಬ ಹುಡುಗ ಅಜ್ಜನ ಕೋಲಿನ ಮಾತು ಹೇಳಿದ. ಆಗ ಮುತ್ತವ್ವ ಎದ್ದು ನಿಂತಳು. ಶಾಲೆಗೆ ಬಂದ ಮೇಲೆ ಅವಳು ತಾನಾಗಿ ಎದ್ದು ನಿಂತದ್ದು ಅದೇ ಮೊದಲು.

"ಆಮಿ ಸತ್ತಿಲ್ರಿ ಅದು. ಕುರಿ ಜೋಡಿ ಹೋಗೇತಿ."

"ಆಮಿ ಕುರಿ ಕಾಯ್ತೈತೇನಲೇ ಮುತ್ತೀ!" ಅಂತ ಮಕ್ಕಳು ಉರುಳಾಡಿ ನಕ್ಕರು. ಬಾಗಿಲಲ್ಲಿ ಸಾತವ್ವನ ನೂಲು ಕಡಿದು ಕದಿರು ಮೆಟ್ಟಿಲ ಮೇಲೆ ಉರುಳಿತು. ಮಾಸ್ತರರು ನಗಲಿಲ್ಲ. ಹುಡುಗಿಯನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಊರಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

ಮಕ್ಕಳು ಆಡಲು ಹೋದ ಮೇಲೆ ಹೊರಗೆ ಬಂದು ಹೇಳಿದರು: "ಸಾತವ್ವಾ, ಕೂಸಿಗೆ ಹೇಳಿಬಿಡ್ರಿ. ಹಿಂಡು ಬಂದ ದಿವಸ ಅದು ಕುರಿಯೊಳಗ ಅವ್ವನ್ನ ಹುಡುಕಬೇಕೇನು?"

"ನಮ್ಮಪ್ಪ ಬಿಡೂದಿಲ್ರಿ. ಕುರಿ ಹಾದ್ಯಾಗದಾವು. ನನ್ನ ಬಾಯಿಗೂ ಬರೂದಿಲ್ಲ ಅದು. ನಮ್ಮ ತಮ್ಮ ಬಂದು ಹೇಳಿಕೋತಾನ."

"ಮಕ್ಕಳು ತಮ್ಮ ದುಃಖ ತಮ್ಮದು ಅಂತ ಹೇಳೂದಿಲ್ಲವಾ. ಕಪ್ಪಿದು, ಆಮಿದು ಅಂದ್ರ ಹೇಳ್ತಾವು. ದೊಡ್ಡವರೂ ಹಂಗ ಹೇಳಬಹುದು." ಬೇಸಿಗೆ ಸೂಟಿಗೆ ಊರಿಗೆ ಹೊರಡುವಾಗ ಅವರು ಆ ಪುಸ್ತಕವನ್ನು ಅವಳ ಉಣ್ಣೆಯ ಬುಟ್ಟಿಯಲ್ಲಿ ಇಟ್ಟು ಹೋದರು.

ಸಾತವ್ವನಿಗೆ ಓದು ಬಾರದು. ಆದರೆ ಚಿತ್ರ ನೋಡಿದರೆ ಮಾಸ್ತರರ ಮಾತು ಒಂದಕ್ಷರ ಬಿಡದೆ ನೆನಪಿಗೆ ಬರುತ್ತಿತ್ತು. ಸೂಟಿಯ ದಿನಗಳಲ್ಲಿ ಮಧ್ಯಾಹ್ನ ಬೇವಿನ ನೆರಳಲ್ಲಿ ಇಬ್ಬರೂ ಕೂತು ಪುಸ್ತಕ ಬಿಡಿಸುತ್ತಿದ್ದರು. ಮೊದಲ ದಿನ ಹೇಳಬೇಕು ಅಂತಲೇ ಅವಳು ಬಿಡಿಸಿದಳು. ಆಮೆ ಚಿಪ್ಪಿನೊಳಗೆ ತಣ್ಣಗೆ ಬಿದ್ದಿರುವ ಹಾಳೆ ಬಂದಾಗ ಬೆರಳು ತಾನಾಗಿ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟಿತು. ಮರುದಿನವೂ ಹಾಗೆಯೇ. ಹತ್ತಿಪ್ಪತ್ತು ಸಲ ಆ ಕತೆ ಹೇಳಿರಬೇಕು, ಪ್ರತಿ ಸಲ ಆ ಹಾಳೆ ಬಿಟ್ಟು. ಕಪ್ಪೆ ಕೂಗುತ್ತಿತ್ತು, ಅಷ್ಟರಲ್ಲಿ ಕೆರೆಯವರೆಲ್ಲ ಸುತ್ತ ಕೂತಿರುತ್ತಿದ್ದರು. ನಡುವೆ ಏನಾಯಿತು ಅಂತ ಹುಡುಗಿ ಕೇಳುತ್ತಿರಲಿಲ್ಲ. ಶಾಲೆಯಲ್ಲಿ ಅದನ್ನು ಕಣ್ಣಾರೆ ನೋಡಿದ ಹುಡುಗಿ, ಎಲ್ಲಕ್ಕೂ "ಯಾಕ" ಅನ್ನುವ ಹುಡುಗಿ, ಅದೊಂದನ್ನು ಮಾತ್ರ ಕೇಳುತ್ತಿರಲಿಲ್ಲ. ಸಾತವ್ವ ಅದನ್ನು ತನ್ನ ಪುಣ್ಯ ಅಂದುಕೊಂಡಿದ್ದಳು.

ಮುಂಗಾರಿನ ಮಿರಗದ ಮಳೆ ಕೂಡಲು ಒಂದು ವಾರ ಇದ್ದಾಗ ಲಗಮಪ್ಪ ಬಂದು, ಹಿಂಡು ಕಲಾದಗಿ ಹತ್ತಿರ ಬಂದಿದೆ, ನಾಳೆ ಹೊತ್ತು ನೆತ್ತಿಗೆ ಬರುವುದರೊಳಗೆ ಊರು ಸೇರುತ್ತದೆ ಅಂದ.

ಮರುದಿನ ಬೆಳಗ್ಗೆ ಸಾತವ್ವ ನೀರು ತರುವಷ್ಟರಲ್ಲಿ ಮುತ್ತವ್ವ ಅಂಗಳ ಗುಡಿಸಿದ್ದಳು. ಅವ್ವ ಮಲಗುತ್ತಿದ್ದ ಮೂಲೆಗೆ ಸಗಣಿ ಸಾರಿಸಿದ್ದಳು. ಸಾರಣೆಯಲ್ಲಿ ಅವಳ ಐದು ಬೆರಳೂ ಮೂಡಿದ್ದವು. ಈಗ ಬಾಗಿಲಲ್ಲಿ ಕೂತು, ಕೇಳದೆ ಹೇಳದೆ, ತಲೆಗೆ ತಾನೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಎಣ್ಣೆ ಹಣೆಗೆ ಇಳಿದಿತ್ತು.

"ಅತ್ತೀ, ಹೆಣಲ ಹಾಕು ಬಾ. ಎದುರಿಗೆ ಹೋಗ್ತೀನಿ. ಮಜ್ಜಿಗಿ ಗಡಗಿ ಕೊಡು, ಅವ್ವಗ ನೀರಡಿಸಿರ್ತೈತಿ."

ಸಾತವ್ವ ಕೊಡ ಇಳಿಸಿದಳು. ಈ ಕೂಸು ಮಜ್ಜಿಗೆಯ ಗಡಿಗೆ ಹೊತ್ತು ಹಾದಿಯಲ್ಲಿ ನಿಲ್ಲುತ್ತದೆ. ಕುರಿ ಒಂದೊಂದೇ ದಾಟಿ ಹೋಗುತ್ತವೆ. ಕತ್ತೆ ದಾಟುತ್ತದೆ. ನಾಯಿ ದಾಟುತ್ತದೆ. ಆಮೇಲೆ ಹಾದಿ ಖಾಲಿ. ಅವಳಿಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಒಳಗೆ ಹೋಗಿ ಪುಸ್ತಕ ತಂದಳು.

"ಈಗ್ಯಾಕ ಕತಿ?" ಅಂದಳು ಮುತ್ತವ್ವ.

"ಒಂದ ಸಲ ನೋಡೂಣು ಬಾ."

ಹಾಳೆಗಳು ತಿರುಗಿದವು. ಹುಳ ತಂದಿಟ್ಟಿತು, ಪಾಚಿ ತಂದಿಟ್ಟಿತು, ಕೂಗಿತು. ಸಾತವ್ವ ಈ ಸಲ ಒಂದೇ ಹಾಳೆ ತಿರುವಿದಳು. ಮುತ್ತವ್ವ ಥಟ್ಟನೆ ಎಣ್ಣೆಯ ಅಂಗೈಯನ್ನು ಆಮೆಯ ಮೇಲೆ ಇಟ್ಟುಬಿಟ್ಟಳು.

"ಅದನ್ನ ಬಿಡು ಅತ್ತಿ. ದಿನಾ ಬಿಡ್ತೀಯಲ್ಲ."

ಅಷ್ಟು ದಿನ ಈ ಹುಡುಗಿಯೂ ತನ್ನ ಜೊತೆಗೇ ಆ ಹಾಳೆ ದಾಟುತ್ತಿದ್ದಳು ಅಂತ ಸಾತವ್ವನಿಗೆ ಆಗ ತಿಳಿಯಿತು. ಆ ಸಣ್ಣ ಕೈ ಹಿಡಿದು ಮೆಲ್ಲಗೆ ಎತ್ತಿದಳು.

"ಇವತ್ತ ಬಿಡೂದಿಲ್ಲವಾ. ಆಮಿ ಸತ್ತೈತಿ."

"ಹೂಂ."

"ನಿಮ್ಮವ್ವನೂ ಸತ್ತಾಳ ನನ್ನವ್ವಾ. ಸಂಕ್ರಮಣ ಆದ ಮ್ಯಾಲ. ಜ್ವರ ಬಂದಿತ್ತು."

ಪಡಸಾಲೆಯಿಂದ ರೇವಪ್ಪನ ದನಿ ಬಂತು: "ಸಾತೀ! ಬಾಯಿ ಮುಚ್ಚತೀಯೋ ಇಲ್ಲೋ! ಕುರಿ ಇನ್ನಾ ಹೊಳಿ ದಾಟಿಲ್ಲ. ಮುನ್ನೂರು ಜೀವ ಅದಾವು ಹಾದ್ಯಾಗ. ಏನರ ಆದ್ರ?"

"ಆದ್ರ ನನ್ನ ತಲಿ ಮ್ಯಾಲ ಬರಲಿ ಯಪ್ಪಾ" ಅಂದಳು ಸಾತವ್ವ. ತಂದೆಗೆ ಎದುರು ಮಾತಾಡಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. "ಈಕಿ ಹಾದಿ ಕಾಯಾಕತ್ತು ಏಳು ತಿಂಗಳಾತು."

ಮುದುಕ ಕೋಲು ಊರಿಕೊಂಡು ಎದ್ದು ಬಂದ. ಮೊಮ್ಮಗಳ ಮುಖ ನೋಡಿದ. ಗುಡಿಯ ಕಡೆ ನಡೆದುಬಿಟ್ಟ.

ಮುತ್ತವ್ವ ಅಳಲಿಲ್ಲ. ಅತ್ತಿದ್ದರೆ ಸಾತವ್ವನಿಗೆ ಹಗುರಾಗುತ್ತಿತ್ತು. ಬೆರಳಿಗೆ ಅಂಟಿದ ಎಣ್ಣೆಯನ್ನು ಲಂಗಕ್ಕೆ ಒರೆಸುತ್ತ, ಒಂದೊಂದೇ ಕೇಳಿದಳು.

"ಹಂಗಾರ ಎಣ್ಣಿ ಹಚ್ಚಿಗೋ ಅಂದಾಕಿ ಯಾರು?"

"ನಾನ."

"ಹಾಲು ಕುಡಿ ಅಂದಾಕಿ?"

"ನಾನವಾ."

"ಸಾಲಿಗೆ ಹೋಗು ಅಂದಾಕಿ?"

"ನಾನ ಬೇ, ಎಲ್ಲಾ ನಾನ."

"ನನ್ನ ದಾರ?"

ಸಾತವ್ವ ಸೊಂಟದ ಗಂಟು ಬಿಚ್ಚಿ, ಕವಡೆ ಕಟ್ಟಿದ ದಾರ ತೆಗೆದು ಮುಂದೆ ಹಿಡಿದಳು. ಹುಡುಗಿ ಅದನ್ನು ಮುಟ್ಟಲಿಲ್ಲ. "ನೀ ಸುಳ್ಳಿ" ಅಂದಳು. ಜೋರಾಗಿ ಅನ್ನಲಿಲ್ಲ. ಎದ್ದು ಅಂಗಳದ ಆಚೆ ಬೇವಿನ ಬುಡಕ್ಕೆ ಹೋಗಿ, ಬೆನ್ನು ಮಾಡಿ ಕೂತಳು. ಜಡೆ ಹಾಕಿಸಿಕೊಳ್ಳಲಿಲ್ಲ. ಸಾತವ್ವ ಹತ್ತಿರ ಹೋದರೆ ಇನ್ನೂ ಅತ್ತ ಸರಿದಳು. ಏಳು ತಿಂಗಳು ಸೆರಗು ಬಿಡದಿದ್ದ ಕೂಸು.

ಹೊತ್ತು ಏರಿತು. ಗಂಟೆಯ ಸದ್ದು ಮೊದಲು ಬಂತು, ಆಮೇಲೆ ಧೂಳು. ಓಣಿಯ ಮಕ್ಕಳೆಲ್ಲ ಓಡಿದರು. ಮುತ್ತವ್ವ ಓಡಲಿಲ್ಲ, ನಡೆದು ಹೋಗಿ ಊರ ಅಗಸೆಯ ಬಾಗಿಲಲ್ಲಿ ನಿಂತಳು. ಸಾತವ್ವ ನಾಲ್ಕು ಮಾರು ಹಿಂದೆ ನಿಂತಳು.

ಅಮಸಿದ್ದಪ್ಪ ಹಿಂಡಿನ ಹಿಂದೆ ಬರುತ್ತಿದ್ದ. ಗಡ್ಡ ಬೆಳೆದು ಗುರುತು ಸಿಗುವ ಹಾಗಿರಲಿಲ್ಲ. ಮಗಳನ್ನು ಕಂಡವನೇ ಹಾದಿಯಲ್ಲೇ ನಿಂತ. ನರಗುಂದದಿಂದ ಇಲ್ಲಿಯತನಕ ಹಾದಿಯುದ್ದಕ್ಕೂ ಈ ಕೂಸಿಗೆ ಏನು ಹೇಳಲಿ ಅಂತ ಮಾತು ಕಟ್ಟಿಕೊಂಡು ಬಂದಿದ್ದನಂತೆ, ಆಮೇಲೆ ಅಕ್ಕನ ಮುಂದೆ ಅಂದ.

"ಮುತ್ತೀ... ನಿಮ್ಮವ್ವ..."

"ಗೊತ್ತೈತಿ ಅಪ್ಪಾ. ಅತ್ತಿ ಹೇಳ್ಯಾಳ."

ಅವನು ಕುರಿಗಳ ನಡುವೆ ನೆಲಕ್ಕೆ ಕೂತುಬಿಟ್ಟ. ಕುರಿಗಳು ಅವನನ್ನು ಸುತ್ತಿಕೊಂಡು ಊರೊಳಗೆ ಹೋದವು. ಎಣಿಸಿದರೆ ಒಂದೂ ಕಡಿಮೆಯಾಗಿರಲಿಲ್ಲ.

ಮಧ್ಯಾಹ್ನ ಬೀರೇಶ್ವರನ ಗುಡಿಯ ಮುಂದೆ ಮಾಯವ್ವನ ಕಂಬಳಿ ಹಾಸಿದರು. ಒಂದು ಅಂಚು ಬೆಂಕಿಗೆ ಕರಕಾಗಿತ್ತು, ಜ್ವರದಲ್ಲಿ ಒಲೆಯ ಹತ್ತಿರ ಮಲಗಿದ್ದಳಂತೆ. ರೇವಪ್ಪ ಭಂಡಾರ ಚೆಲ್ಲಿದ. ಹೆಂಗಸರು ಕೂದಲು ಬಿಚ್ಚಿ ಕೂತರು.

ಸಾತವ್ವನ ಬಾಯಿಂದ ಮೊದಲು ದನಿ ಬರಲಿಲ್ಲ. ಅಷ್ಟು ದಿನ ಒಳಗೆ ಒತ್ತಿಟ್ಟದ್ದು ಒಣಗಿಹೋಯಿತೇನೋ ಅಂತ ಅವಳಿಗೇ ಹೆದರಿಕೆಯಾಯಿತು. ಕರಕಾದ ಅಂಚನ್ನು ಮುಟ್ಟಿದಳು. ಆಗ ಬಂತು. "ನನ್ನ ತಾಯಿ ಮಾಯವ್ವಾ, ಒಬ್ಬಾಕಿನ್ನ ಯಾರ ಹೊಲದಾಗ ಮಲಗಿಸಿ ಬಂದರವಾ ನಿನ್ನ" ಅಂತ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಬೇರೆಯವರ ಅಳು ನಿಂತರೂ ಅವಳದು ನಿಲ್ಲಲಿಲ್ಲ. ಯಾರೋ ಹಿಡಿದು ಎತ್ತಲು ಬಂದರೆ ಕೊಸರಿಕೊಂಡಳು.

ಮುತ್ತವ್ವ ಅಪ್ಪನ ಪಕ್ಕದಿಂದ ಇದನ್ನೆಲ್ಲ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಎದ್ದು ಬಂದು ಅತ್ತೆಯ ಮುಂದೆ ನಿಂತಳು. ಬಗ್ಗಿ ಅವಳ ಮುಖವನ್ನು, ಮೂಗಿನಿಂದ ಇಳಿಯುತ್ತಿದ್ದ ನೀರನ್ನು ಹತ್ತಿರದಿಂದ ನೋಡಿದಳು.

"ಅತ್ತೀ, ಇದು ಖರೇ ಅಳುವೇನು?"

"ಖರೇ ಐತವಾ. ಇದೊಂದು ಖರೇ."

ಹುಡುಗಿ ಸಾತವ್ವನ ಬೆನ್ನ ಹಿಂದೆ ಹೋಗಿ ಕೂತು, ಅವಳ ಬೆನ್ನಿಗೆ ಮುಖ ಹಚ್ಚಿ, ಮೊದಲು ಸದ್ದಿಲ್ಲದೆ, ಆಮೇಲೆ ಇಡೀ ಗುಡಿಗೆ ಕೇಳುವ ಹಾಗೆ ಅಳತೊಡಗಿತು.